ನಡೆಯುತ್ತ ನುಡಿಸಿದ ಪ್ಲೇಟು

ಬ್ಯಾಂಡ್ ಸೆಟ್ಟಿಗೆ ಸೇರಬೇಕೆಂದು ಈಗಲೂ ಒಬ್ಬಿಬ್ಬರು ಹುಡುಗರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರು ಮೊದಲು ಕೇಳುವುದು ಯೂನಿಫಾರಂ ವಿಷಯ. ಕೆಂಪು ಕೋಟು, ಹಿತ್ತಾಳೆ ಗುಂಡಿ, ಟೋಪಿಯ ಮೇಲೊಂದು ಗರಿ, ಇವು ಕಣ್ಣಿಗೆ ಬಿದ್ದೇ ಅವರು ಇತ್ತ ತಿರುಗಿರುತ್ತಾರೆ. ಅವರನ್ನು ಅಂದು ಪ್ರಯೋಜನವಿಲ್ಲ, ನಾನೂ ಹಾಗೇ ಬಂದವನು. ಹಾಸನದ ಒಂದು ಬ್ಯಾಂಡಿನಲ್ಲಿ ವಯಸ್ಸಿರುವಷ್ಟು ಕಾಲ ಕ್ಲಾರಿನೆಟ್ ಊದಿದೆ. ಮುಂದಿನ ಹಲ್ಲು ಅಲುಗಾಡಲು ಶುರುವಾದಾಗ ನಿಲ್ಲಿಸಿದೆ. ಊದುವವನ ನಿವೃತ್ತಿಯ ಆರ್ಡರು ಯಾವ ಆಫೀಸಿನಿಂದಲೂ ಬರುವುದಿಲ್ಲ, ಹಲ್ಲಿನಿಂದಲೇ ಬರುತ್ತದೆ.

ನಮ್ಮ ಮಾಸ್ತರು ಕಾಳಪ್ಪನವರು. ಅವರದು ಕಾರ್ನೆಟ್ಟು, ಅಂದರೆ ಮೊಟಕು ಮೈಯ ಹಿತ್ತಾಳೆ ತುತ್ತೂರಿ. ಅವರು ನನಗೆ ಕಲಿಸಿದ ಮೊದಲ ಪಾಠ, ನಗಬಾರದು ಎಂಬುದು.

"ನಗೋ ಬಾಯ್ನಾಗೆ ಗಾಳಿ ನಿಲ್ಲಾಕಿಲ್ಲ ಕಣ್ಲಾ. ತುಟಿ ಆ ಕಡೀಕೊಂದು ಈ ಕಡೀಕೊಂದು ಓಯ್ತದೆ. ಮದ್ವೆ ಮನೇರು ನಗ್ಲಿ, ನಗೋದು ಅವ್ರ ಕೆಲ್ಸ. ನಿನ್ ಕೆಲ್ಸ ಊದೋದು."

ಹೀಗೆಂದು ಅವರು ರಸ್ತೆಯಲ್ಲಿ ಮುಖ ಗಂಟಿಕ್ಕಿಕೊಂಡೇ ನಡೆಯುತ್ತಿದ್ದರು. ಬೀಗರು ಕುಣಿಯಲಿ, ಮದುಮಗನ ಪೇಟ ಜಾರಿ ಕುದುರೆಯ ಕತ್ತಿಗೆ ಬೀಳಲಿ, ಕಾಳಪ್ಪನವರ ಮುಖದಲ್ಲಿ ಒಂದು ಗೆರೆಯೂ ಸಡಿಲವಾಗುತ್ತಿರಲಿಲ್ಲ. ಅವರಿಗೆ ಹೆಣ್ಣು ಕೊಟ್ಟ ಮಾವನೇ, "ಈವಯ್ಯ ನಮ್ಮ ಮೇಲೆ ಯಾಕೆ ಮುನಿಸ್ಕಂಡವ್ನೆ?" ಎಂದು ಕೇಳಿದ್ದರಂತೆ.

ಎರಡನೆಯ ಪಾಠ ನಡಿಗೆ. ಸೇರಿದ ಮೇಲೆ ಬಹಳ ದಿನ ನನ್ನ ಕೈಗೆ ಕ್ಲಾರಿನೆಟ್ಟೇ ಸಿಗಲಿಲ್ಲ. ದೊಡ್ಡ ಡ್ರಮ್ಮು ಹೊರುತ್ತಿದ್ದ ಜವರನ ಹಿಂದೆ ಬರಿಗೈಯಲ್ಲಿ ನಡೆಯುವುದೇ ಕಸರತ್ತು. ಜವರ ಸಾಲಗಾಮೆಯವನು. ಬಾಗಿಲಲ್ಲಿ ನಿಂತರೆ ಮನೆ ಕತ್ತಲಾಗುವಂಥ ಆಳು, ಮಾತು ಮಾತ್ರ ಮೆತ್ತಗೆ. ಅವನು ಒಂದು ಹೆಜ್ಜೆಗೆ ಒಂದು ಗುದ್ದು ಹಾಕುತ್ತಿದ್ದ. ಆ ಹೆಜ್ಜೆಗೆ ಉಸಿರು ಎಳೆದುಕೊಳ್ಳಬೇಕು, ಆ ಹೆಜ್ಜೆಗೇ ಬಿಡಬೇಕು. ಹೀಗೆ ನಡೆದು ನಡೆದು ನಮ್ಮ ಶ್ವಾಸಕೋಶವೆಲ್ಲ ಪಾದಕ್ಕೆ ಇಳಿದುಬಿಟ್ಟಿತ್ತು. ಇದರಿಂದ ಮುಂದೆ ಎಂಥ ಫಜೀತಿ ಆಗಲಿದೆಯೆಂದು ಆಗ ಯಾರಿಗೆ ಗೊತ್ತು?

ಬ್ಯಾಂಡಿನವರಿಗೆ ಹಿಂದೆ ಕಣ್ಣಿರುವುದಿಲ್ಲ. ದಿಬ್ಬಣದ ಮುಂದೆ ನಾವು, ನಮ್ಮ ಹಿಂದೆ ಮದುವೆ. ಅರಕಲಗೂಡಿನ ಒಂದು ಮದುವೆಯಲ್ಲಿ ಮದುಮಗನ ಕಡೆಯವರು ಯಾರೋ ಅಜ್ಜಿಗೆ ಮದುಮಗನನ್ನು ತೋರಿಸಲು ಮಧ್ಯದಲ್ಲೇ ಅಡ್ಡಬೀದಿಗೆ ತಿರುಗಿಬಿಟ್ಟರು. ನಮಗೆ ಹೇಳುವುದನ್ನು ಮರೆತರು. ನಾವು ಒಳ್ಳೆಯ ಗುಂಗಿನಲ್ಲಿದ್ದೆವು, ನೇರವಾಗಿ ನಡೆದೆವು. ಪೇಟೆ ಮುಗಿದು ಇನ್ನೊಂದು ಚಪ್ಪರ ಕಾಣಿಸಿತು. ಅಲ್ಲೂ ಮದುವೆ! ಆ ಮನೆಯವರು ತಮ್ಮ ಬೀಗರೇ ಬ್ಯಾಂಡು ಕಳಿಸಿದ್ದಾರೆಂದು ಹಿಗ್ಗಿ, ಹೆಂಗಸರು ಆರತಿ ಹಿಡಿದು ಓಡಿಬಂದರು. ಕಾಳಪ್ಪನವರು ಆಗ ತಿರುಗಿ ನೋಡುತ್ತಾರೆ, ಹಿಂದೆ ಒಂದು ಕುರಿಮರಿ ಬಿಟ್ಟರೆ ಯಾರೂ ಇಲ್ಲ. ಆರತಿ ತಂದವರನ್ನು ಬರಿಗೈಯಲ್ಲಿ ಕಳಿಸಲಾಗದೆ ಅವರಿಗೊಂದು ಮಟ್ಟು ನುಡಿಸಿ, ಕೊಟ್ಟ ಪಾನಕ ಕುಡಿದು, ನಮ್ಮ ಮದುವೆಯನ್ನು ಹುಡುಕಿಕೊಂಡು ವಾಪಸು ಓಡಿದೆವು. ಅಂದಿನಿಂದ ಜವರನಿಗೆ ಒಂದು ಹೆಚ್ಚಿನ ಜವಾಬ್ದಾರಿ ಬಂತು. ಆಗಾಗ ಹಿಂದೆ ತಿರುಗಿ ಮದುವೆ ಇದೆಯೇ ಎಂದು ನೋಡುವುದು.

ಇನ್ನು ನಾನು ಹೇಳಲು ಹೊರಟ ಗ್ರಾಮಫೋನ್ ಪ್ಲೇಟಿನ ಸಂಗತಿ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಎಲ್ಲ ಊರಿನಲ್ಲೂ ಹೊಸ ಸಿನಿಮಾ ಹಾಡುಗಳದ್ದೇ ಬೇಡಿಕೆ. ಒಂದು ದಿನ ಹಳೇಕೋಟೆಯ ಮದುವೆಯಲ್ಲಿ, ಮನೆಯ ಯಜಮಾನರಾದ ಹಿರಿಯ ಗೌಡರು ಕಾಳಪ್ಪನವರ ತೋಳು ಹಿಡಿದು ಕೇಳಿದರು.

"ಅಯ್ಯಾ, ಆಗ ನಾಟಕದ ಕಂಪ್ನೀರು ಬತ್ತಿದ್ರಲ್ಲ, ರಾಜ ಬರೋವಾಗ ಒಂದ್ ಮಟ್ಟು ಬಾರಿಸೋರು. ಅದು ಬತ್ತದಾ ನಿಂಗೆ?"

ಬರುತ್ತದೆಯೇ! ಕಾಳಪ್ಪನವರು ಹರೆಯದಲ್ಲಿ ಅದೇ ಕಂಪನಿಯಲ್ಲಿ ಕಾರ್ನೆಟ್ ಊದಿದವರು. ಆ ಮಟ್ಟು ಹಾಕಿದವರು ಅವರ ಗುರು, ಹಾರ್ಮೋನಿಯಂ ಸಿದ್ದಪ್ಪಯ್ಯನವರು. ಕಾಳಪ್ಪನವರು ಊದಿದರು, ನಾವು ಜೊತೆಗೂಡಿದೆವು, ಗೌಡರು ಶಲ್ಯ ತಲೆಗೆ ಸುತ್ತಿಕೊಂಡು ರಾಜನಂತೆ ಅಂಗಳದಲ್ಲಿ ನಡೆದರು. ಮುಗಿದ ಮೇಲೆ ಕಾಳಪ್ಪನವರು ಆಸೆಯಿಂದ ಕೇಳಿದರು.

"ಯಾರ ಮಟ್ಟು ಅಂತ ಗೊತ್ತಾ ಯಜಮಾನ್ರೇ?"

"ಯಾರ್ದೂ ಅಲ್ಲ ಕಣಯ್ಯ, ನಮ್ಮೂರ ಕಡೇದು. ಮೊದ್ಲಿಂದ್ಲೂ ಐತಲ್ಲ!"

ಗೌಡರು ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದು. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಮಾಸ್ತರು ಕಾರ್ನೆಟ್ಟನ್ನು ಒರೆಸುತ್ತಲೇ ಇದ್ದರು. ಹಾಸನ ಬಂದಾಗ, "ಯಾರ್ದೂ ಅಲ್ವಂತೆ" ಎಂದರು.

ಸಿದ್ದಪ್ಪಯ್ಯನವರದು ಕಾಲು ಹಾರ್ಮೋನಿಯಂ. ಮೇಜಿನೆತ್ತರದ ಪೆಟ್ಟಿಗೆ, ಎರಡು ಕೈಯಲ್ಲಿ ಸ್ವರದ ಮನೆ ಒತ್ತುವುದು, ಎರಡು ಕಾಲಲ್ಲಿ ಪೆಡಲ್ಲು ತುಳಿದು ಗಾಳಿ ಕೊಡುವುದು. ಅವರು ಬದುಕಿದ್ದಾಗ ಪ್ಲೇಟಿನ ಕಂಪನಿಯವರು ಕರೆದರೆ, "ಒಂದು ವೀಳ್ಯ ಅಗಿಯೋವಷ್ಟರಾಗೆ ಮುಗ್ದೋಗೋದು ಎಂಥಾ ಸಂಗೀತ?" ಎಂದು ನಕ್ಕು ಕಳಿಸಿದ್ದರಂತೆ. ಹಾಗಾಗಿ ಅವರು ನುಡಿಸಿದ್ದು ಎಲ್ಲೂ ಉಳಿದಿರಲಿಲ್ಲ. ಮಟ್ಟುಗಳು ಊರೂರಲ್ಲಿ ಇದ್ದವು, ಹೆಸರು ಮಾತ್ರ ಅಳಿಸಿಹೋಗುತ್ತಿತ್ತು. ಗುರುವಿನ ಹೆಸರಿರುವ ಒಂದು ಪ್ಲೇಟು ಮಾಡಲೇಬೇಕೆಂದು ಕಾಳಪ್ಪನವರು ಹಟ ಹಿಡಿದರು.

ಇದಕ್ಕೆ ನೆರವಾಗಿ ಬಂದವರು ಚನ್ನರಾಯಪಟ್ಟಣದ ಪದ್ಮರಾಜಯ್ಯನವರು. ಜೈನರು, ಜವಳಿ ವ್ಯಾಪಾರಿ. ಅಂಗಡಿಯ ಒಂದು ಮೂಲೆಯಲ್ಲಿ ಗ್ರಾಮಫೋನು, ಪ್ಲೇಟುಗಳನ್ನೂ ಮಾರುತ್ತಿದ್ದರು. ಚಿಕ್ಕಂದಿನಲ್ಲಿ ಮನೆಯವರ ಕಣ್ಣು ತಪ್ಪಿಸಿ ಸಿದ್ದಪ್ಪಯ್ಯನವರ ಹಾರ್ಮೋನಿಯಂ ಕೇಳಲು ನಾಟಕದ ಟೆಂಟಿನೊಳಗೆ ನುಸುಳಿದವರು. ಪ್ಲೇಟಿನ ಕಂಪನಿಯವರಿಗೆ ಬರೆದು, ಮಾರುವ ಹೊಣೆ ತಾವೇ ಹೊತ್ತು, ಒಪ್ಪಿಸಿಬಿಟ್ಟರು. "ನಮ್ಮ ಅಂಗಡಿ ಅಟ್ಟದ ಮೇಲೇ ರೆಕಾರ್ಡ್ ಮಾಡೋಣ. ಅಲ್ಲಿ ಬಟ್ಟೆ ಬೇಲುಗಳಿರೋದ್ರಿಂದ ಸದ್ದು ಗುಂಯ್‌ಗುಡೋದಿಲ್ಲ" ಎಂದರು.

ಉಳಿದದ್ದು ಸಿದ್ದಪ್ಪಯ್ಯನವರ ಹೆಂಡತಿ ತಾಯಮ್ಮನವರ ಒಪ್ಪಿಗೆ. ಅವರು ಹೊಳೆನರಸೀಪುರದಲ್ಲಿ, ಹೇಮಾವತಿಗೆ ಇಳಿಯುವ ಬೀದಿಯಲ್ಲಿದ್ದರು. ಅದೇ ಕಂಪನಿಯಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದವರು. ವಯಸ್ಸಾದರೂ ಅವರು ಒಳಮನೆಯಿಂದ ಮಾತಾಡಿದರೆ ಹೊಳೆಯಲ್ಲಿ ಬಟ್ಟೆ ಒಗೆಯುವವರು ತಲೆ ಎತ್ತುತ್ತಿದ್ದರು. ನಾನೂ ಕಾಳಪ್ಪನವರೂ ಕೆಂಪು ಕೋಟು ತೊಟ್ಟೇ ಹೋದೆವು.

"ಏನ್ಲಾ ಕಾಳ, ಕೋಟು ಆಕ್ಕಂಡು ಬಂದಿದ್ದೀಯ, ದಿಬ್ಬಣ ಎಲ್ಲಿ ಕಳ್ಕಂಡೆ?" ಎಂದರು. ಅರಕಲಗೂಡಿನ ಸುದ್ದಿ ಅಲ್ಲಿಗೂ ಮುಟ್ಟಿತ್ತು.

ಗೋಡೆಯ ಪಕ್ಕದಲ್ಲಿ ಹಳೆಯ ಸೀರೆ ಹೊದಿಸಿದ ಹಾರ್ಮೋನಿಯಂ ಇತ್ತು. ಕಾಳಪ್ಪನವರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. "ಎಲ್ಲ ಅಂಗಂಗೇ ಮಡಗಿವ್ನಿ. ಪೆಡಲ್ಲಿಗೆ ಎಣ್ಣೆ ಬುಡಾಕೂ ಯಾರ್ಗೂ ಬುಟ್ಟಿಲ್ಲ" ಎಂದರು ತಾಯಮ್ಮ. ಆಮೇಲೆ ಪ್ಲೇಟಿನ ವಿಷಯ ಕೇಳಿ, ಹಾರ್ಮೋನಿಯಂ ಮೇಲಿನ ಸೀರೆ ಸರಿಮಾಡುತ್ತ ಹೇಳಿದರು.

"ನೋಡ್ಲಾ, ಅವ್ರು ಕಣ್ಮುಚ್ಚಿದ್ಮೇಲೆ ಅವ್ರ ಮಟ್ಟು ಬಾರಿಸೋರೆಲ್ಲ ತಿಥಿ ಊಟಕ್ಕೆ ಬಂದಂಗೆ ಮುಖ ಮಾಡ್ಕಂಡು ಬಾರಿಸ್ತಾರೆ. ಎಳ್ದೂ ಎಳ್ದೂ ಸಾಯಿಸ್ತಾರೆ. ನಮ್ಮೋರು ಅಂಗಿದ್ರಾ? ಅಳೋ ಸೀನಿಗೂ ನಗ್ತಾನೇ ಮಟ್ಟು ಆಕ್ತಿದ್ರು. ನೀನು ಮಾಡು, ಬ್ಯಾಡ ಅನ್ನಲ್ಲ. ಮೊದ್ಲು ನಂಗೆ ಕೇಳ್ಸು. ಅವ್ರು ಬಂದಂಗಾದ್ರೆ ಹೆಸ್ರು ಆಕ್ಸು. ಇಲ್ದಿದ್ರೆ ಯಾರ್ದೋ ಮಟ್ಟು ಅಂತ ಬರ್ಸು, ಅವ್ರನ್ನ ಎಳೀಬ್ಯಾಡ."

ಕಾಳಪ್ಪನವರು "ಆಯ್ತು ಕಣಮ್ಮ" ಎಂದರು. ಹೊರಗೆ ಬಂದ ಮೇಲೆ ಹೊಳೆಯ ಕಡೆಗೇ ನೋಡುತ್ತ ನಿಂತರು. ಯಾರದೋ ಮಟ್ಟು ಎಂದು ಬರೆಸಬೇಕಾಗಿ ಬಂದರೆ ಆ ಮನುಷ್ಯ ಕಾರ್ನೆಟ್ಟನ್ನು ಹೇಮಾವತಿಗೆ ಎಸೆಯುವುದು ಖಂಡಿತ ಅನ್ನಿಸಿತು.

ರೆಕಾರ್ಡಿಂಗಿಗೆ ಬೆಂಗಳೂರಿನ ದಂಡು ಪ್ರದೇಶದಿಂದ ಡಗ್ಲಸ್ ಎಂಬವರು ಬಂದರು. ಆಂಗ್ಲೋ ಇಂಡಿಯನ್ನು, ಕೆಂಪು ಮೂಗು, ಧಾರಾಳ ನಗು. ಹಗಲು ಪ್ಲೇಟಿನ ಕಂಪನಿಯ ಕೆಲಸ, ಸಂಜೆ ಕ್ಲಬ್ಬುಗಳಲ್ಲಿ ಸ್ಯಾಕ್ಸೊಫೋನು. ದೊಡ್ಡ ಟೇಪಿನ ಯಂತ್ರವನ್ನು ಜವರನೇ ಮೆಟ್ಟಿಲು ಹತ್ತಿಸಿದ. ಅಟ್ಟದ ತುಂಬ ಬಟ್ಟೆಯ ಬೇಲುಗಳು, ನೆಲಕ್ಕೆ ಮರದ ಹಲಗೆ, ನಡುವೆ ಒಂದು ಮೈಕು. ಡಗ್ಲಸ್ ನಮ್ಮನ್ನೆಲ್ಲ ಅಲ್ಲಲ್ಲಿ ನಿಲ್ಲಿಸಿದರು. ಕಾರ್ನೆಟ್ಟು ಅಲ್ಲಿ, ಕ್ಲಾರಿನೆಟ್ಟು ಇಲ್ಲಿ, ಡ್ರಮ್ಮು ಆ ಮೂಲೆಗೆ. "ನೋ ಮೂವಿಂಗ್. ಅಲ್ಲಾಡಬಾರದು" ಎಂದರು.

ರಾಜ ಬರುವ ಮಟ್ಟು ಶುರುವಾಯಿತು. ಅಯ್ಯೋ, ರಾಜ ಬರಲೇ ಇಲ್ಲ! ನಿಂತಲ್ಲೇ ನಿಂತು ನಾವು ಯಾವತ್ತೂ ಊದಿದವರಲ್ಲ. ನನಗೆ ಎಲ್ಲಿ ಉಸಿರು ಎಳೆಯಬೇಕೆಂದೇ ತಿಳಿಯಲಿಲ್ಲ. ಜವರನ ಗುದ್ದು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮಟ್ಟು ಎಳೆದುಕೊಂಡು ಎಳೆದುಕೊಂಡು ಮಲಗಿತು. ಮತ್ತೆ ಶುರು ಮಾಡಿದೆವು, ಮತ್ತೆ ಮಲಗಿತು. ಡಗ್ಲಸ್ ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನು ತೆಗೆದು, "ಯಾರು ಸತ್ತಿದ್ದು ಮ್ಯಾನ್? ಯಾಕೆ ಅಳೋದು?" ಎಂದು ಕೇಳಿಬಿಟ್ಟರು.

ತಾಯಮ್ಮ ಹೇಳಿದ್ದೇ ಆಗಿತ್ತು. ಕಾಳಪ್ಪನವರು ಒಂದು ಬೇಲಿನ ಮೇಲೆ ಕುಸಿದು ಕೂತರು. ನಿಂತಲ್ಲೇ ಕಾಲು ಎತ್ತಿಡಲು ನೋಡಿದೆವು, ಶಾಲೆಯ ಡ್ರಿಲ್ಲಿನಂತಾಯಿತು. ಪದ್ಮರಾಜಯ್ಯನವರು ಎಲ್ಲರಿಗೂ ಕಾಫಿ ತರಿಸಿದರು. ಕಾಫಿ ಕುಡಿಯುತ್ತ ಜವರ ಮೆತ್ತಗೆ ಕೇಳಿದ.

"ಸಾ, ತಪ್ಪು ತಿಳೀಬ್ಯಾಡಿ. ನಂಗೆ ನಿಂತ್ಕಂಡು ಬಾರಿಸಾಕೇ ಬರಾಕಿಲ್ಲ. ಓಡಾಡ್ಲಾ?"

ಡಗ್ಲಸ್ ಅವನನ್ನು ನೋಡಿದರು. ಮೈಕನ್ನು ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕು, "ಯಾಕೆ ಬೇಡ? ನಡೀರಿ! ಎಲ್ಲಾ ನಡೀರಿ!" ಎಂದರು.

ಚಪ್ಪಲಿ ಬಿಟ್ಟೆವು. ಬೇಲುಗಳನ್ನು ಗೋಡೆಗೆ ಒತ್ತಿ, ಮೈಕಿನ ಸುತ್ತ ದಾರಿ ಮಾಡಿದೆವು. ಒಬ್ಬರ ಹಿಂದೊಬ್ಬರು ಸುತ್ತು ಹಾಕುತ್ತ ಶುರು ಮಾಡಿದೆವು ನೋಡಿ, ಉಸಿರು ತಾನಾಗಿ ಬಂತು, ರಾಜ ಎದ್ದು ಕೂತ! ಕಾಳಪ್ಪನವರು ಮೈಕಿನ ಹತ್ತಿರ ಬಂದಾಗ ಕಾರ್ನೆಟ್ಟು ಮೊಳಗುತ್ತಿತ್ತು, ದಾಟಿದ ಮೇಲೆ ನನ್ನ ಕ್ಲಾರಿನೆಟ್ಟಿನ ಸರದಿ. ಹತ್ತಿರ ಬಂದವನು ತನ್ನ ಇಷ್ಟದ ನಾಲ್ಕು ಸ್ವರ ಹೆಚ್ಚಿಗೆ ಸೇರಿಸಿ ಮುಂದೆ ಸಾಗುವುದು. ಮದುವೆ ಮನೆಯ ಬಾಗಿಲಲ್ಲಿ ಹಾಗೆ ಮಾಡಿ ನಮಗೆ ರೂಢಿ. ಡಗ್ಲಸ್ ಯಂತ್ರದ ಹಿಂದೆ ಕುಣಿಯುತ್ತಿದ್ದರು. ನಿಲ್ಲಿಸಿದ ಕೂಡಲೇ, "ದಿಸ್ ಈಸ್ ಜಾಜ್, ಮ್ಯಾನ್! ಜಾಜ್!" ಎಂದು ಕೂಗಿದರು.

"ಅದು ಯಾರ ಮದ್ವೇಲಿ ಬಾರಿಸ್ತಾರೆ ಸಾ?" ಎಂದ ಜವರ.

ಡಗ್ಲಸ್ ವಿವರಿಸಿದರು. ದೂರದ ಅಮೆರಿಕದಲ್ಲಿ ಕರಿಯ ಜನ ರಸ್ತೆಯಲ್ಲಿ ನಡೆಯುತ್ತ ಬಾರಿಸಿ ಬೆಳೆಸಿದ್ದಂತೆ. ಹಳಬರು ಹಾಕಿದ ಮಟ್ಟನ್ನು ಹೊಸಬರು ಎತ್ತಿಕೊಂಡು, ತಮ್ಮ ನಾಲ್ಕು ಮಾತು ಸೇರಿಸಿ, ಹಳಬರ ಹೆಸರಲ್ಲೇ ಪ್ಲೇಟು ಮಾಡುವುದು ಅಲ್ಲಿ ದೊಡ್ಡ ಮರ್ಯಾದೆಯಂತೆ. ಕಾಳಪ್ಪನವರು ಕಣ್ಣರಳಿಸಿ ಕೇಳಿದರು. "ಅಂಗಾರೆ ನಾವು ಮಾಡ್ತಿರೋದು ಅಲ್ಲೂ ಐತೆ ಅನ್ನಿ" ಎಂದರು. ಅವರಿಗೆ ಅದರಿಂದ ಎಷ್ಟು ಧೈರ್ಯ ಬಂತೆಂದರೆ, ಕೋಟಿನ ಗುಂಡಿಗಳನ್ನು ಮತ್ತೆ ಹಾಕಿಕೊಂಡು ಎದ್ದು ನಿಂತರು.

ಆದರೆ ಟೇಪು ತಿರುಗಿಸಿ ಕೇಳಿದಾಗ ಒಂದು ಸದ್ದು. ಕಿರ್ರ್. ಪಲ್ಲವಿ ಪ್ರತಿ ಸಲ ಮರಳಿ ಬರುವುದಕ್ಕೆ ಸ್ವಲ್ಪ ಮೊದಲು, ಕಿರ್ರ್. ಮೆಟ್ಟಿಲ ಹತ್ತಿರದ ಒಂದು ಹಲಗೆ ಸಡಿಲವಾಗಿತ್ತು. ನಮ್ಮ ಭಾರಕ್ಕೆಲ್ಲ ಅದು ಸುಮ್ಮನಿರುತ್ತಿತ್ತು. ಜವರ, ಡ್ರಮ್ಮು ಎರಡೂ ಸೇರಿ ಅದರ ಮೇಲೆ ಬಂದಾಗ ಮಾತ್ರ ಬಾಯಿ ಬಿಡುತ್ತಿತ್ತು. ಅದನ್ನು ದಾಟಿ ಕಾಲಿಡು ಎಂದರೆ ಜವರನ ಹೆಜ್ಜೆ ತಪ್ಪಿ ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಮೇಲೊಂದು ಬಟ್ಟೆಯ ಥಾನು ಹಾಸಿದರೆ ಜವರ ಜಾರಿ, ಡ್ರಮ್ಮಿನ ಸಮೇತ ಧೋತರಗಳ ಬೇಲಿನೊಳಗೆ ಮುಳುಗಿದ. ಎಳೆದು ಹೊರಗೆ ತೆಗೆಯುವಷ್ಟರಲ್ಲಿ ಕರೆಂಟು ಹೋಯಿತು. ಡಗ್ಲಸ್‌ಗೆ ಬೆಂಗಳೂರಿನ ಬಸ್ಸು ಹಿಡಿಯಬೇಕಿತ್ತು. ಪ್ಲೇಟಿನ ಎರಡು ಮುಖಕ್ಕೆಂದು ನುಡಿಸಿದ್ದ ಎರಡೂ ಮಟ್ಟುಗಳಲ್ಲಿ ಚೆನ್ನಾಗಿ ಬಂದಿದ್ದವು ಕಿರ್ರ್ ಎನ್ನುವವೇ. ಅವನ್ನೇ ಒಯ್ದರು.

ಕೆಲವು ವಾರಗಳಾದ ಮೇಲೆ ಮಾದರಿ ಪ್ಲೇಟು ಬಂತು. ನಡುವಿನ ದುಂಡನೆಯ ಚೀಟಿ ಬೆಳ್ಳಗೆ ಖಾಲಿಯಾಗಿತ್ತು. ಹೆಸರು ಬರೆದು ಕಳಿಸಿದರೆ ಅಚ್ಚು ಹಾಕುತ್ತೇವೆ ಎಂದು ಕಂಪನಿಯವರು ಹೇಳಿಕಳಿಸಿದ್ದರು. ಪದ್ಮರಾಜಯ್ಯನವರು ಗ್ರಾಮಫೋನು ಕೊಟ್ಟರು. ನಾನು, ಕಾಳಪ್ಪನವರು, ಜವರ, ಮೂವರೂ ಹೊಳೆನರಸೀಪುರದ ಬಸ್ಸು ಹತ್ತಿದೆವು. ಪ್ಲೇಟನ್ನು ಹೊಸ ಪಂಚೆಯಲ್ಲಿ ಸುತ್ತಿ, ಕಾಳಪ್ಪನವರು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದರು. ರಸ್ತೆಯ ಗುಂಡಿ ಬಂದಾಗಲೆಲ್ಲ ಸೀಟಿನಿಂದ ಅರ್ಧ ಏಳುತ್ತಿದ್ದರು.

"ಆ ಕಿರ್ರ್ ಕೇಳಿದ್ರೆ ಏನಂತಾರೋ" ಎಂದರು.

"ನನ್ ಕಾಲು ಮುರ್ದೋಗ" ಎಂದ ಜವರ. ಅವನ ಮುಖ ನೋಡಿ ನನಗೇ ಅಳು ಬರುವಂತಾಯಿತು.

ತಾಯಮ್ಮ ಕಂಬಕ್ಕೊರಗಿ ಕೂತು, "ಆಕು" ಎಂದರು. ಮುಳ್ಳು ಪ್ಲೇಟಿನ ಮೇಲಿಳಿಯಿತು. ದೂರದಿಂದ ಬರುವ ಮೆರವಣಿಗೆಯಂತೆ ಮಟ್ಟು ಎದ್ದಿತು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಕಿರ್ರ್ ಬರುವ ಜಾಗ ಹತ್ತಿರವಾಯಿತು. ಕಾಳಪ್ಪನವರು ಸರಿಯಾಗಿ ಅದೇ ಹೊತ್ತಿಗೆ ಗಟ್ಟಿಯಾಗಿ ಕೆಮ್ಮಿದರು. ಮುಂದಿನ ಸುತ್ತಿಗೂ ಕೆಮ್ಮಿದರು. ಆಮೇಲಿನ ಸುತ್ತಿಗೆ ಜವರನೂ ಸೇರಿ ಕೆಮ್ಮಿದ.

"ಕೆಮ್ಮಬ್ಯಾಡ್ರಲಾ!" ಎಂದು ತಾಯಮ್ಮ ಗದರಿದ ಸದ್ದಿಗೆ ಸೂರಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು. "ಇನ್ನೊಂದ್ಸಲ ಆಕು. ಬಾಯ್ಮುಚ್ಕಂಡು ಕುಂತ್ಕಳಿ."

ಮತ್ತೆ ಹಾಕಿದೆವು. ಈ ಸಲ ಕಿರ್ರ್ ಎಂದದ್ದು ಇಡೀ ಮನೆಗೆ ಕೇಳಿಸಿತು, ಹಿಂದೆಯೇ ಪಲ್ಲವಿ ಬಂತು. ತಾಯಮ್ಮ ಬೆನ್ನು ನೆಟ್ಟಗೆ ಮಾಡಿ ಕೂತರು. ಮತ್ತೆ ಕಿರ್ರ್, ಮತ್ತೆ ಪಲ್ಲವಿ. ಅವರು ಸೆರಗು ಬಾಯಿಗಿಟ್ಟುಕೊಂಡರು. ಭುಜ ಕುಲುಕಲು ಶುರುವಾಯಿತು. ಅಳುತ್ತಿದ್ದಾರೆಂದೇ ನಾವು ತಿಳಿದೆವು. ಸೆರಗು ತೆಗೆದಾಗ ನೋಡಿದರೆ ಜೋರಾಗಿ ನಗುತ್ತಿದ್ದಾರೆ!

"ಬಂದ್ಬುಟ್ರಲ್ಲೋ ಕಾಳ, ಬಂದೇಬುಟ್ರು!"

ಎದ್ದವರೇ ಹಾರ್ಮೋನಿಯಂ ಮೇಲಿನ ಸೀರೆ ಎಳೆದುಹಾಕಿ, ಪೆಡಲ್ಲಿನ ಮೇಲೆ ಬಲಗಾಲಿಟ್ಟು ತುಳಿದರು. ಕಿರ್ರ್. ಅದೇ ಸದ್ದು, ಅದೇ ಎಳೆತ.

"ಜನಕ್ಕೆ ಕೇಳ್ತಿರ್ಲಿಲ್ಲ ಕಣ್ಲಾ ಇದು. ಪರ್ದೆ ಹಿಂದೆ ವೇಷ ಆಕ್ಕಂಡು ನಿಂತಿರ್ತಿದ್ವಲ್ಲ, ನಮ್ಗೆ ಮಾತ್ರ. ಮಟ್ಟು ಏಳೋಕೆ ಮುಂಚೆ ಅವ್ರು ಗಾಳಿ ತುಂಬ್ಕಳೋರು. ಕಿರ್ರ್ ಅನ್ನೋದು. ಅದು ಕೇಳಿದ್ರೆ ಎದೆ ಡವಗುಟ್ಟೋದು ನಿಂತೋಗೋದು, ಅವ್ರು ಇಲ್ಲೇ ಅವ್ರೆ, ಎಡವಿದ್ರೂ ಇಡ್ಕತಾರೆ ಅಂತ. ಮ್ಯಾನೇಜ್ರು ಎಣ್ಣೆ ಬುಟ್ರೆ, ನಮ್ಮೋರು ತಮ್ ಅಂಗೀಲೇ ಒರ್ಸಾಕ್ತಿದ್ರು. ತಾಯಿ, ನಿಂಗೇ ಇರ್ಲಿ ಇದು ಅನ್ನೋರು."

ಪಕ್ಕದಲ್ಲೇ ಕೂತು ಕಾರ್ನೆಟ್ ಊದುತ್ತಿದ್ದ ಕಾಳಪ್ಪನವರಿಗೆ ಆಗ ತಮ್ಮ ವಾದ್ಯ ಬಿಟ್ಟು ಬೇರೇನು ಕೇಳಿಸೀತು? ಬಾಯಿ ತೆರೆದುಕೊಂಡು ನಿಂತಿದ್ದರು.

"ಪ್ಲೇಟ್ನಾಗೆ ಇದ್ನ ಮಾಡಿದೋರು ಯಾರು?" ಎಂದರು ತಾಯಮ್ಮ.

ಜವರ ಅಪರಾಧಿಯಂತೆ ಕೈ ಎತ್ತಿದ. ತಾಯಮ್ಮ ಅವನ ಹತ್ತಿರ ಹೋಗಿ, ತಲೆ ಎಟುಕದೆ, ತೋಳು ಸವರಿದರು. "ನಮ್ಮೋರ ಹೆಸ್ರು ದೊಡ್ಡದಾಗಿ ಆಕ್ಸು ಕಾಳ. ಅದ್ರ ಕೆಳ್ಗೆ ಇವನ ಹೆಸ್ರೂ ಇರ್ಬೇಕು" ಎಂದರು.

ಆ ಪ್ಲೇಟು ಯಾರ ಮನೆಯಲ್ಲಾದರೂ ಉಳಿದಿದ್ದರೆ ನೋಡಿ. ಮೇಲೆ ದೊಡ್ಡಕ್ಷರದಲ್ಲಿ 'ಹಾರ್ಮೋನಿಯಂ ಸಿದ್ದಪ್ಪಯ್ಯನವರ ಮಟ್ಟುಗಳು' ಎಂದಿದೆ. ಕೆಳಗೆ ಕಾರ್ನೆಟ್ಟು, ಕ್ಲಾರಿನೆಟ್ಟು ಎಂದು ನಮ್ಮ ಹೆಸರುಗಳಿವೆ. ಎಲ್ಲಕ್ಕಿಂತ ಕೊನೆಯಲ್ಲಿ 'ಕಾಲು: ಸಾಲಗಾಮೆ ಜವರ' ಎಂದಿದೆ. ಕಂಪನಿಯವರು ಇದೇನೆಂದು ಕೇಳಿದರಂತೆ. ಡಗ್ಲಸ್ ಅವರೇ, "ಅದು ಇರಲಿ ಮ್ಯಾನ್" ಎಂದು ಅಚ್ಚಿಗೆ ಕಳಿಸಿದರು. ಪದ್ಮರಾಜಯ್ಯನವರು ಅಂಗಡಿಗೆ ಬಂದವರಿಗೆಲ್ಲ ಆ ಸಡಿಲ ಹಲಗೆಯನ್ನು ತೋರಿಸುತ್ತಿದ್ದರು. ರಿಪೇರಿ ಮಾಡಿಸಲೇ ಇಲ್ಲ.

ಇದಾಗಿ ಎರಡು ಮೂರು ಮದುವೆ ಕಾಲ ಕಳೆದಿತ್ತು. ಮತ್ತೆ ಹಳೇಕೋಟೆ, ಅದೇ ಗೌಡರ ಮನೆ, ಈ ಸಲ ಮೊಮ್ಮಗಳ ಮದುವೆ. ನಾವು ಬೀದಿಯ ತುದಿಯಿಂದ ಒಂದು ಹೊಸ ಸಿನಿಮಾ ಹಾಡು ಊದುತ್ತ ಬರುತ್ತಿದ್ದೆವು. ಗೌಡರು ಚಪ್ಪರದಿಂದ ಕೈ ಬೀಸುತ್ತ ಎದುರು ಬಂದರು.

"ಅದ್ನ ಬುಡ್ರಯ್ಯ! ಸಿದ್ದಪ್ಪಯ್ಯಂದು ಬಾರಿಸ್ರಿ, ಸಿದ್ದಪ್ಪಯ್ಯಂದು! ರಾಜ ಬರೋದು!"

ಅವರ ಹಿಂದಿದ್ದ ಹುಡುಗರೂ ಅದೇ ಹೆಸರು ಹಿಡಿದು ಕೂಗಿದರು. ಜವರ ಗುದ್ದು ಕೊಟ್ಟ. ನಾನು ಕ್ಲಾರಿನೆಟ್ ಎತ್ತಿದೆ. ಕಾರ್ನೆಟ್ಟು ಮಾತ್ರ ಏಳಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದೆ. ಕಾಳಪ್ಪನವರು ವಾದ್ಯವನ್ನು ತುಟಿಗೆ ಒತ್ತುತ್ತಾರೆ, ತುಟಿ ಆ ಕಡೆಗೊಂದು ಈ ಕಡೆಗೊಂದು ಹೋಗುತ್ತದೆ. ಮತ್ತೆ ಒತ್ತುತ್ತಾರೆ, ಬರೀ ಗಾಳಿ. ಕೊನೆಗೆ ಕಾರ್ನೆಟ್ಟನ್ನು ಕೆಳಗಿಳಿಸಿ, ನಡುಬೀದಿಯಲ್ಲಿ, ನಮ್ಮೆಲ್ಲರ ಮುಂದೆ, ಬಾಯ್ತುಂಬ ನಕ್ಕುಬಿಟ್ಟರು. ಆ ದಿನ ರಾಜನನ್ನು ಚಪ್ಪರದವರೆಗೆ ನಾವೇ ಕರೆದುಕೊಂಡು ಹೋದೆವು, ಮಾಸ್ತರು ಬರಿಗೈ ಬೀಸುತ್ತ ಜವರನ ಹಿಂದೆ ನಡೆದು ಬಂದರು.